ಒಂದು ಚಿಪ್, ಒಂದು ತಂತಿ, ಪಕ್ಕದ ಮನೆ ಅಜ್ಜನ ರೇಡಿಯೋ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ

ಇವತ್ತಿನ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. 2019ರ ಬೇಸಿಗೆಯಲ್ಲಿ ನಾನು ನಮ್ಮ ಪಕ್ಕದ ಮನೆ ಅಜ್ಜನ ರೇಡಿಯೋ ಕೆಡಿಸಿದ್ದೆ. ರೇಡಿಯೋನ ಕೈಯಿಂದ ಮುಟ್ಟಲಿಲ್ಲ, ಅವರ ಮನೆ ಹೊಸ್ತಿಲು ದಾಟಲಿಲ್ಲ. ನಮ್ಮ ಮಾಳಿಗೆ ಮೇಲೆ ಕೂತು, ಅಂಗೈಯಗಲದ ಒಂದು ಬೋರ್ಡು ಮತ್ತು ಬಟ್ಟೆ ಒಣಹಾಕೋ ತಂತಿ, ಇವೆರಡರಿಂದಲೇ ಕೆಡಿಸಿದ್ದೆ.

ಊರು ಕುಳಗೇರಿ ಕ್ರಾಸ್. ಬಾಗಲಕೋಟೆ ಜಿಲ್ಲೆ, ಬಾದಾಮಿ ತಾಲ್ಲೂಕು. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗೋ ಹೆದ್ದಾರಿಯಲ್ಲಿ ನವಲಗುಂದ, ನರಗುಂದ ದಾಟಿ ಬಂದರೆ, ಬಾದಾಮಿಗೆ ತಿರುಗೋ ಜಾಗ ನಮ್ಮೂರು. ಗುಹೆ ನೋಡೋಕೆ ಬಂದವರಲ್ಲಿ ಎಷ್ಟೋ ಜನ ಇಲ್ಲಿ ಇಳಿದು ಚಹಾ ಕುಡಿದು ಹೋಗಿರ್ತೀರಿ. ನಾನು ಆಗ ಡಿಪ್ಲೊಮಾ ಓದ್ತಿದ್ದೆ. ರಜೆಗೆ ಊರಿಗೆ ಬಂದಾಗ ಬ್ಯಾಗಲ್ಲಿ ಒಂದು ಆರ್ಡುಯಿನೋ ಬೋರ್ಡ್ ಇತ್ತು.

ಆರ್ಡುಯಿನೋ ಗೊತ್ತಿಲ್ಲದವರಿಗೆ ಒಂದು ಮಾತು. ಅದರ ಮೇಲೆ ಇರೋದು ಮೈಕ್ರೋಕಂಟ್ರೋಲರ್ ಅನ್ನೋ ಒಂದು ಚಿಪ್. ಆಟೊಮ್ಯಾಟಿಕ್ ವಾಷಿಂಗ್ ಮಷಿನ್, ಬೈಕಿನ ಡಿಜಿಟಲ್ ಮೀಟರ್, ಇಂಥವುಗಳ ಒಳಗೆ ಇಂಥದ್ದೊಂದು ಇರುತ್ತೆ. ಅದಕ್ಕೆ ಬರೋದು ಬಹಳ ಸರಳ ಕೆಲಸ. ತನ್ನ ಕಾಲುಗಳಲ್ಲಿ ಒಂದಕ್ಕೆ 5 ವೋಲ್ಟ್ ಕೊಡು ಅಂದ್ರೆ ಕೊಡುತ್ತೆ, ತೆಗಿ ಅಂದ್ರೆ ತೆಗೆಯುತ್ತೆ. ಆ ಕಾಲಿಗೆ ಎಲ್‌ಇಡಿ ಹಚ್ಚಿ ಸೆಕೆಂಡಿಗೆ ಒಂದು ಸಲ ಆನ್ ಆಫ್ ಮಾಡಿದ್ರೆ ದೀಪ ಮಿಟುಕುತ್ತೆ. ಎಲ್ಲರೂ ಮಾಡೋ ಮೊದಲ ಪ್ರಯೋಗ ಅದೇ.

ಆದ್ರೆ ಆ ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಬಡಿಯುತ್ತೆ. 16 ಮೆಗಾಹರ್ಟ್ಸ್ ಅಂದ್ರೆ ಅದೇ. ಹಾಗಾದ್ರೆ ದೀಪವನ್ನ ಸೆಕೆಂಡಿಗೆ ಒಂದು ಸಲ ಯಾಕೆ, ಲಕ್ಷಗಟ್ಟಲೆ ಸಲ ಮಿಟುಕಿಸಬಹುದಲ್ಲ? ದೀಪ ತೆಗೆದು ಅಲ್ಲಿ ಒಂದು ತಂತಿ ಸಿಕ್ಕಿಸಿದ್ರೆ? ತಂತಿಯಲ್ಲಿ ವಿದ್ಯುತ್ ಅಷ್ಟು ಬೇಗ ಹಿಂದೆ ಮುಂದೆ ಓಡಾಡಿದ್ರೆ ಸುತ್ತ ರೇಡಿಯೋ ಅಲೆ ಏಳುತ್ತೆ. ರೇಡಿಯೋ ಪ್ರಸಾರ ಅಂದ್ರೆ ಮೂಲದಲ್ಲಿ ಇಷ್ಟೇ.

ಸೀಟಿ ಎಲ್ಲಿಂದ ಬಂತು

ನನ್ನ ಹತ್ರ ಅಪ್ಪನ ಹಳೇ ರೇಡಿಯೋ ಇತ್ತು. ಮೀಡಿಯಂ ವೇವ್‌ನಲ್ಲಿ ನಮ್ಮೂರಿಗೆ ಚೆನ್ನಾಗಿ ಬರ್ತಿದ್ದ ಸ್ಟೇಷನ್ ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಸ್. 1950ರಲ್ಲಿ ಶುರುವಾದ ಸ್ಟೇಷನ್, 200 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್. ಮುಳ್ಳು ಎಲ್ಲಿಡಬೇಕು ಅಂತ ಹುಡುಕೋ ಕಷ್ಟ ಬೇಡ, ಧಾರವಾಡದ ಪಕ್ಕಕ್ಕೇ ನನ್ನ ಅಲೆ ಬಿಡೋಣ ಅಂತ ಲೆಕ್ಕ ಹಾಕಿದೆ. 16 ಮೆಗಾಹರ್ಟ್ಸ್‌ನ 21ರಿಂದ ಭಾಗಿಸಿದ್ರೆ ಸುಮಾರು 762 ಕಿಲೋಹರ್ಟ್ಸ್. ಚಿಪ್ಪಿನ ಒಳಗೆ ಟೈಮರ್ ಅಂತ ಒಂದು ಭಾಗ ಇದೆ, ಅದಕ್ಕೆ 21 ಎಣಿಸೋಕೆ ಹೇಳಿದ್ರೆ ಸಾಕು. ನಾಲ್ಕೈದು ಸಾಲಿನ ಪ್ರೋಗ್ರಾಂ.

ಹಚ್ಚಿದೆ. ಅಪ್ಪನ ರೇಡಿಯೋದಲ್ಲಿ ಧಾರವಾಡದ ಹಾಡಿನ ಮೇಲೆ 'ಕೀಂ' ಅಂತ ಸೀಟಿ ಬಂತು. ನನಗೆ ಆದ ಖುಷಿ ಹೇಳೋಕಾಗಲ್ಲ.

ಆ ಸೀಟಿ ಯಾಕೆ ಬಂತು ಅಂತ ಕೇಳಿ, ಇದು ಒಳ್ಳೇ ವಿಷಯ. ಧಾರವಾಡ 765ರಲ್ಲಿ, ನಾನು 762ರಲ್ಲಿ. ಎರಡು ಅಲೆ ಒಂದೇ ರೇಡಿಯೋ ಒಳಗೆ ಹೊಕ್ಕಾಗ ಅವುಗಳ ನಡುವಿನ ವ್ಯತ್ಯಾಸ ಧ್ವನಿಯಾಗಿ ಹೊರಗೆ ಬರುತ್ತೆ. ವ್ಯತ್ಯಾಸ 3 ಕಿಲೋಹರ್ಟ್ಸ್, ಅಂದ್ರೆ ಸೆಕೆಂಡಿಗೆ 3,000 ಕಂಪನ. ನಮ್ಮ ಕಿವಿಗೆ ಅದು ಚೂಪಾದ ಸಿಳ್ಳು. ನನ್ನ ಬೋರ್ಡಿನ ಗಡಿಯಾರ ಸೆರಾಮಿಕ್ ರೆಸೊನೇಟರ್‌ನದ್ದು, ಕ್ವಾರ್ಟ್ಜ್ ಹರಳಿನಷ್ಟು ಗಟ್ಟಿ ಅಲ್ಲ. ಬಿಸಿಲಿಗೆ ಬೋರ್ಡ್ ಕಾದಂಗೆ ಸಿಳ್ಳಿನ ದನಿ ಮೆಲ್ಲಗೆ ಬದಲಾಗ್ತಿತ್ತು. ನಾನು ಅದನ್ನೂ ಖುಷಿಯಿಂದ ಕೇಳ್ತಾ ಕೂತಿದ್ದೆ.

ಅಲ್ಲಿಗೆ ನಿಲ್ಲಿಸಿದ್ರೆ ಕಥೆ ಇರ್ತಿರಲಿಲ್ಲ. ಬೋರ್ಡಿಗೆ ಸಿಕ್ಕಿಸಿದ್ದ ಗೇಣುದ್ದದ ತಂತಿಯಿಂದ ಆ ಸಿಳ್ಳು ಒಂದೆರಡು ಮಾರು ದೂರವೂ ಹೋಗ್ತಿರಲಿಲ್ಲ. ಯಾಕಂದ್ರೆ 762 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 394 ಮೀಟರ್. ಅಂಥ ಅಲೆಯನ್ನ ಸರಿಯಾಗಿ ಎಬ್ಬಿಸೋಕೆ ಕಾಲು ಭಾಗವಾದ್ರೂ, ಅಂದ್ರೆ ನೂರು ಮೀಟರ್ ಹತ್ತಿರದ ಆಂಟೆನಾ ಬೇಕು. ಮೀಡಿಯಂ ವೇವ್ ಸ್ಟೇಷನ್‌ಗಳ ಕಂಬ ಅಷ್ಟೆತ್ತರ ಇರೋದು ಅದಕ್ಕೇ. ಗೇಣುದ್ದದ ತಂತಿ ಅದರ ಮುಂದೆ ಏನೂ ಅಲ್ಲ.

ನನಗೆ ಸಮಾಧಾನ ಆಗಲಿಲ್ಲ. ಮಾಳಿಗೆ ಮೇಲೆ ಅವ್ವ ಬಟ್ಟೆ ಒಣಹಾಕೋ ಕಬ್ಬಿಣದ ತಂತಿ ಇತ್ತು. ನಮ್ಮ ಗೋಡೆಯಿಂದ ಪಕ್ಕದ ಮನೆ ಗೋಡೆವರೆಗೆ, ಹದಿನೈದು ಮೀಟರ್ ಆಗಬಹುದು. ಅದಕ್ಕೆ ಸಿಕ್ಕಿಸಿದೆ. ಕೆಳಗೆ ಓಡಿ ಹೋಗಿ ರಸ್ತೆಯಲ್ಲಿ ರೇಡಿಯೋ ಹಿಡಿದು ಕೇಳಿದೆ. ಬರ್ತಿತ್ತು. ದಿನಾ ಸಂಜೆ ಅದೇ ಆಟ ಆಯ್ತು.

ಒಂದು ವಾರ ಕಳೆದ ಮೇಲೆ ಪಕ್ಕದ ಮನೆ ಅಜ್ಜ ಕಟ್ಟೆ ಮೇಲೆ ಕೂತು ರೇಡಿಯೋನ ತಿರುವಿ ಮುರುವಿ ನೋಡ್ತಿದ್ರು. ನನ್ನನ್ನ ನೋಡಿ ಕರೆದ್ರು.

"ತಮ್ಮಾ, ಕಾಲೇಜ್ ಕಲಿಯಾಕತ್ತೀಯಲ್ಲ, ಇದನ್ನೊಂದಿಷ್ಟು ನೋಡಲೇ. ಸಂಜೀಮುಂದ ಧಾರವಾಡ ಹಚ್ಚಿದ್ರ ಬರೇ ಸೀಟಿ ಹೊಡೀತೈತಿ. ಬಾದಾಮಿಗೆ ಒಯ್ದು ರಿಪೇರಿ ಮಾಡಿಸ್ಕೊಂಡ್ ಬಂದೆ. ಅಲ್ಲಿ ಚೊಲೋ ಇತ್ತು, ಇಲ್ಲಿ ತಂದ್ರ ಮತ್ತ ಅದ ಹಾಡು."

ನನ್ನ ಗಂಟಲು ಒಣಗಿತು. ಅಜ್ಜ ಬಸ್ಸಿನ ಚಾರ್ಜ್ ಕೊಟ್ಟು, ರಿಪೇರಿಗೆ ದುಡ್ಡು ಕೊಟ್ಟು, ಇಲ್ಲದ ರೋಗಕ್ಕೆ ಮದ್ದು ಮಾಡಿಸಿಕೊಂಡು ಬಂದಿದ್ರು. "ನೋಡ್ತೀನಿ ಅಜ್ಜಾ" ಅಂದೆ. ಆವತ್ತೇ ಮಾಳಿಗೆಯಿಂದ ತಂತಿ ಬಿಚ್ಚಿದೆ. ಮಾರನೇ ದಿನ ಅಜ್ಜ, "ಈಗ ಚೊಲೋ ಆತು ನೋಡು, ನೀ ಏನ್ ಮಾಡಿದ್ಯೋ" ಅಂತ ಹೊಗಳಿದ್ರು. ನಿಜ ಹೇಳೋ ಧೈರ್ಯ ಬರಲಿಲ್ಲ. ಹೊಗಳಿಕೆ ಇಸ್ಕೊಂಡು ಬಂದೆ.

20 ಲಕ್ಷ ಪಟ್ಟು

ಇಲ್ಲಿ ಒಂದು ಪ್ರಶ್ನೆ ಬರಬೇಕು. ಚಿಪ್ಪಿನ ಒಂದು ಕಾಲು ಆರಾಮಾಗಿ ಕೊಡೋದು 5 ವೋಲ್ಟ್, 20 ಮಿಲಿಆಂಪಿಯರ್. ಗುಣಿಸಿದ್ರೆ ವ್ಯಾಟಿನ ಹತ್ತನೇ ಒಂದು ಭಾಗ. ಧಾರವಾಡದ್ದು 2 ಲಕ್ಷ ವ್ಯಾಟ್. ನನಗಿಂತ 20 ಲಕ್ಷ ಪಟ್ಟು ದೊಡ್ಡದು. ನಾನು ಬಿಟ್ಟಿದ್ದರಲ್ಲಿ ಅಲೆಯಾಗಿ ಹೊರಟಿದ್ದು ಇನ್ನೂ ಎಷ್ಟೋ ಕಡಿಮೆ. ಹಾಗಿದ್ರೂ ನಾನು ಹೇಗೆ ಅದರ ಮೇಲೆ ಸಿಳ್ಳು ಹಾಕಿದೆ?

ದೂರ. ಧಾರವಾಡ ನಮ್ಮಿಂದ ಮೂರು ತಾಲ್ಲೂಕು ಆಚೆ. ನನ್ನ ತಂತಿ ಅಜ್ಜನ ಪಡಸಾಲೆಯಿಂದ ನಾಲ್ಕು ಹೆಜ್ಜೆ. ಜಾತ್ರೆಯ ಮೈಕು ಎಷ್ಟೇ ದೊಡ್ಡದಿರಲಿ, ಕಿವಿ ಹತ್ರ ಸೊಳ್ಳೆ ಬಂದ್ರೆ ಸೊಳ್ಳೆಯದ್ದೇ ಕೇಳಿಸುತ್ತೆ. ರೇಡಿಯೋ ಪ್ರಯೋಗ ಮಾಡೋ ಹುಡುಗರೆಲ್ಲ "ನಂದು ಸಣ್ಣ ಪವರ್, ಯಾರಿಗೂ ಏನೂ ಆಗಲ್ಲ" ಅಂತಾರೆ. ಸಣ್ಣ ಪವರ್ ಅಂದ್ರೆ ದೂರದವರಿಗೆ ಏನೂ ಆಗಲ್ಲ ಅಂತ ಅರ್ಥ. ಪಕ್ಕದ ಮನೆಯವರಿಗೆ ಆಗುತ್ತೆ.

ಈಗ ಆಗಸ್ಟ್ 2019ಕ್ಕೆ ಬರ್ತೀನಿ. ಆ ತಿಂಗಳು ನಮ್ಮ ಕಡೆ ಏನಾಯ್ತು ಅಂತ ಬಹಳ ಜನಕ್ಕೆ ನೆನಪಿದೆ. ಮಲಪ್ರಭಾ ಉಕ್ಕಿತು. ಬಾದಾಮಿ, ಹುನಗುಂದ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು, ಪಟ್ಟದಕಲ್ಲಿನ ಗುಡಿಗಳವರೆಗೂ ಬಂತು. ನಮ್ಮೂರಿಂದ ನರಗುಂದದ ಕಡೆ ಹೋಗೋಕೆ ಕೊಣ್ಣೂರಿನ ಹತ್ರ ಹೊಳೆ ದಾಟಬೇಕು. ಅಲ್ಲಿ ಹೆದ್ದಾರಿ ಮೇಲೆ ನೀರು ಬಂದು ಹುಬ್ಬಳ್ಳಿ ದಾರಿ ಬಂದ್ ಆಯ್ತು. ನಮ್ಮ ಓಣಿಯಲ್ಲಿ ಕರೆಂಟ್ ಹೋಯ್ತು. ಮೊದಲ ರಾತ್ರಿ ಫೋನ್ ನಡೀತು. ಆಮೇಲೆ ಫೋನ್‌ಗಳೆಲ್ಲ ಒಂದೊಂದಾಗಿ ಸತ್ತವು, ಚಾರ್ಜ್ ಇದ್ದವರಿಗೆ ನೆಟ್‌ವರ್ಕ್ ಇರಲಿಲ್ಲ.

ಅಜ್ಜನ ಮಗಳನ್ನ ಕೊಟ್ಟಿದ್ದು ಹೊಳೆದಂಡೆಯ ಒಂದು ಊರಿಗೆ. ಅವರ ಫೋನ್ ಹತ್ತುತ್ತಿರಲಿಲ್ಲ. ಅಜ್ಜ ಎರಡು ಸೆಲ್ ಹಾಕಿ ಅದೇ ರೇಡಿಯೋ ಹಚ್ಚಿ ಕಟ್ಟೆ ಮೇಲೆ ಇಟ್ಟರು. ಓಣಿ ಮಂದಿ ಎಲ್ಲ ಸುತ್ತ ನಿಂತ್ವಿ. ಧಾರವಾಡದಿಂದ ಪ್ರದೇಶ ಸಮಾಚಾರ ಬರೋ ಹೊತ್ತು. ಸವದತ್ತಿ ಹತ್ರದ ನವಿಲುತೀರ್ಥ ಅಣೆಕಟ್ಟೆಯಿಂದ ಎಷ್ಟು ನೀರು ಬಿಡ್ತಿದ್ದಾರೆ ಅನ್ನೋದು ಆ ಹೊತ್ತಿಗೆ ನಮಗೆ ಬೇಕಿದ್ದ ಒಂದೇ ಸುದ್ದಿ. ಅಜ್ಜ ಕಿವಿಯನ್ನ ರೇಡಿಯೋಗೆ ಒತ್ತಿ ಕೂತಿದ್ರು. ಒಬ್ಬರೂ ಮಾತಾಡ್ತಿರಲಿಲ್ಲ.

ನಾನು ಆ ಗುಂಪಿನಲ್ಲಿ ನಿಂತು ಯೋಚಿಸಿದ್ದು ಒಂದೇ. ಇವತ್ತು ನನ್ನ ತಂತಿ ಮಾಳಿಗೆ ಮೇಲೆ ಇದ್ದಿದ್ರೆ?

ಮೂರು ದಿನ ಆದ ಮೇಲೆ ಅಜ್ಜನ ಮಗಳು, ಅಳಿಯ, ಮಕ್ಕಳು ಟ್ರ್ಯಾಕ್ಟರ್‌ನಲ್ಲಿ ಬಂದು ಇಳಿದ್ರು. ಆವತ್ತು ರಾತ್ರಿ ಅಜ್ಜನ ಮುಂದೆ ಎಲ್ಲ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ರು. "ಹಂಗಾದ್ರ ಆ ರಿಪೇರಿಯವನ ತಪ್ಪಿಲ್ಲ. ನಾ ಅವನ್ನ ಬಾಯಿಗೆ ಬಂದಂಗ ಬೈದ್ ಬಂದೇನಿ" ಅಂದ್ರು. ಆಮೇಲೆ, "ರಿಪೇರಿ ರೊಕ್ಕ ನೀ ಕೊಡಬೇಕು ಮತ್ತ" ಅಂದ್ರು. ಕೊಟ್ಟೆ.

ಬನಶಂಕರಿ ಜಾತ್ರೆಯ ನಾಟಕದ ಟೆಂಟ್

ಅಲೆ ಎಬ್ಬಿಸೋದು ಯಾರಿಗೂ ಆಗುತ್ತೆ. ಬೇಕಾದ ಅಲೆಯನ್ನ ಮಾತ್ರ ಎಬ್ಬಿಸೋದು, ಅದನ್ನ ತನ್ನ ಜಾಗದಲ್ಲಿ ಇಡೋದು, ಕಷ್ಟ ಇರೋದು ಅಲ್ಲಿ.

ನಮ್ಮ ಕಡೆಯವರಿಗೆ ಬನಶಂಕರಿ ಜಾತ್ರೆ ಗೊತ್ತು. ಜಾತ್ರೆ ಕಾಲಕ್ಕೆ ಹಲವು ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕ್ತವೆ. ಪ್ರತಿ ಟೆಂಟಲ್ಲೂ ಮೈಕು, ಹಾರ್ಮೋನಿಯಂ. ಪ್ರತಿಯೊಬ್ಬರೂ ತಮ್ಮ ಟೆಂಟಿನೊಳಗೆ ಇದ್ರೆ ಎಲ್ಲರ ನಾಟಕವೂ ನಡೆಯುತ್ತೆ. ಒಬ್ಬ ತನ್ನ ಸ್ಪೀಕರ್‌ನ ಪಕ್ಕದ ಟೆಂಟಿಗೆ ತಿರುಗಿಸಿದ್ರೆ ಇಬ್ಬರ ನಾಟಕವೂ ಹಾಳು. ರೇಡಿಯೋ ತರಂಗಾಂತರ ಅಂದ್ರೆ ಇದೇ ಜಾತ್ರೆ. 765 ಧಾರವಾಡದ ಟೆಂಟ್, 612 ಬೆಂಗಳೂರಿನ ಟೆಂಟ್. 88ರಿಂದ 108 ಮೆಗಾಹರ್ಟ್ಸ್ ಎಫ್‌ಎಂ ಟೆಂಟ್‌ಗಳ ಸಾಲು. ಅದಕ್ಕೆ ಹೊಂದಿಕೊಂಡೇ 108ರಿಂದ 137ರವರೆಗೆ ವಿಮಾನಗಳದ್ದು.

ಚಿಪ್ಪಿನ ದೊಡ್ಡ ತೊಂದರೆ ಏನಂದ್ರೆ, ಅದು ಒಂದೇ ಟೆಂಟಲ್ಲಿ ಹಾಡಲ್ಲ. ನಾಗರಪಂಚಮಿ ಜೋಕಾಲಿ ನೆನಪು ಮಾಡ್ಕೊಳ್ಳಿ. ಜೋಕಾಲಿ ಹೋಗೋದು ಬರೋದು ಎಷ್ಟು ನಯವಾಗಿರುತ್ತೆ. ಶುದ್ಧ ರೇಡಿಯೋ ಅಲೆ ಹಾಗಿರುತ್ತೆ. ಚಿಪ್ಪಿಗೆ ಆ ನಯ ಬರಲ್ಲ. ಅದಕ್ಕೆ ಗೊತ್ತಿರೋದು ಆನ್, ಇಲ್ಲ ಆಫ್. ಜಗ್ಗಿ ಬಿಟ್ಟಂಗೆ, ಕುಕ್ಕಿದಂಗೆ. ಅದನ್ನ ಚೌಕ ಅಲೆ ಅಂತಾರೆ. ಗಣಿತ ಹೇಳೋದು ಏನಂದ್ರೆ, ಒಂದು ಚೌಕ ಅಲೆಯ ಒಳಗೆ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ವೇಗದ ಅಲೆಗಳೂ ಅಡಗಿರ್ತವೆ. ಮೂರನೇದು ಮೂಲದ ಮೂರನೇ ಒಂದು ಭಾಗ ಎತ್ತರ, ಐದನೇದು ಐದನೇ ಒಂದು ಭಾಗ, ಹೀಗೆ ಇಳೀತಾ ಹೋಗುತ್ತೆ, ಆದ್ರೆ ಬೇಗ ಸಾಯಲ್ಲ. ಇವಕ್ಕೆ ಹಾರ್ಮೋನಿಕ್ಸ್ ಅಂತ ಹೆಸರು.

ಅಂದ್ರೆ ನೀವು 8 ಮೆಗಾಹರ್ಟ್ಸ್‌ನಲ್ಲಿ ಚಿಪ್ ಕುಣಿಸಿದ್ರೆ 24ರಲ್ಲೂ ಇರ್ತೀರಿ, 40ರಲ್ಲೂ ಇರ್ತೀರಿ. ಹದಿನೈದನೇ ಪಟ್ಟು 120, ಅದು ಪೈಲಟ್‌ಗಳು ಮಾತಾಡೋ ಜಾಗ. ನಿಮಗೆ ಗೊತ್ತೇ ಇರಲ್ಲ. ನಿಮ್ಮ ರೇಡಿಯೋದಲ್ಲಿ ನಿಮ್ಮ ಸ್ಟೇಷನ್ ಚೆನ್ನಾಗೇ ಕೇಳಿಸ್ತಿರುತ್ತೆ.

2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರೋಬೋಟಿಕ್ಸ್ ಸೊಸೈಟಿಯವರು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ಒಂದು ಪಿನ್ನಿಗೆ ಚೋಟುದ್ದ ತಂತಿ ಹಚ್ಚಿ ಎಫ್‌ಎಂ ಪ್ರಸಾರ ಮಾಡಿ ತೋರಿಸಿದ್ರು. ಜಗತ್ತಿನಾದ್ಯಂತ ಹುಡುಗರು ಅದನ್ನ ನಕಲು ಮಾಡಿದ್ರು. ಅಲ್ಲೂ ಇದೇ ಸಮಸ್ಯೆ. 100 ಮೆಗಾಹರ್ಟ್ಸ್‌ನ ಹಾಡು 300ರಲ್ಲೂ ಹಾಡ್ತಿರುತ್ತೆ.

ಇದಕ್ಕೆ ಮದ್ದು ಫಿಲ್ಟರ್. ತಾಮ್ರದ ತಂತಿ ಸುತ್ತಿದ ಎರಡು ಮೂರು ಸುರುಳಿ, ನಾಲ್ಕು ಕೆಪಾಸಿಟರ್. ಮತ್ತೆ ಜೋಕಾಲಿ ಹತ್ರ ಬರೋಣ. ನೀವು ಜೋಕಾಲಿಯನ್ನ ಎಷ್ಟೇ ಕುಕ್ಕಿ ದೂಡಿದ್ರೂ ಅದು ತನ್ನ ಲಯದಲ್ಲೇ ನಯವಾಗಿ ತೂಗುತ್ತೆ, ನಿಮ್ಮ ಕುಕ್ಕುವಿಕೆಯನ್ನ ನುಂಗುತ್ತೆ. ಸುರುಳಿ ಮತ್ತು ಕೆಪಾಸಿಟರ್ ಸೇರಿ ಮಾಡೋದು ಅದನ್ನೇ. ಒಳಗೆ ಚೌಕ ಅಲೆ ಹೋದ್ರೆ ಹೊರಗೆ ನಯವಾದ ಅಲೆ ಬರುತ್ತೆ, ಮೂರು ಪಟ್ಟು, ಐದು ಪಟ್ಟಿನವು ಅಲ್ಲೇ ನಿಲ್ತವೆ. ಈ ನಾಲ್ಕಾರು ಬಿಡಿಭಾಗ ಹಾಕದೆ ಬಿಟ್ಟ ಟ್ರಾನ್ಸ್‌ಮಿಟರ್ ಅರ್ಧ ಟ್ರಾನ್ಸ್‌ಮಿಟರ್.

ಗಾಳಿ ಯಾರಪ್ಪನದ್ದು

"ಗಾಳಿ ಯಾರಪ್ಪನ ಆಸ್ತಿ, ನಾನ್ಯಾಕೆ ಪರ್ಮಿಷನ್ ಕೇಳಬೇಕು" ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. 1995ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ, ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಹೇಳಿತು. ಅಂದ್ರೆ ಅದು ಸರ್ಕಾರದ್ದೂ ಅಲ್ಲ, ನನ್ನದೂ ಅಲ್ಲ. ಅಜ್ಜನಿಗೂ ಅದರಲ್ಲಿ ಪಾಲಿದೆ.

ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ರೇಡಿಯೋ ಉಪಕರಣಕ್ಕೆ ಲೈಸೆನ್ಸ್ ಬೇಕು ಅನ್ನೋ ನಿಯಮ ಇದೆ. 2023ರ ದೂರಸಂಪರ್ಕ ಕಾಯ್ದೆಯೂ ಅದೇ ದಾರಿಯದ್ದು. ಈ ನಿಯಮ ಬಡವರ ಬಾಯಿ ಕಟ್ಟಿದ್ದೂ ಉಂಟು, ಅದನ್ನ ಮುಚ್ಚಿಡಲ್ಲ. ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ರಾಘವ್ ಮಹತೋ ಅನ್ನೋ ಯುವಕ ತನ್ನ ರಿಪೇರಿ ಅಂಗಡಿಯಿಂದ, ತಾನೇ ಮಾಡಿದ ಅಗ್ಗದ ಟ್ರಾನ್ಸ್‌ಮಿಟರ್‌ನಲ್ಲಿ ಎಫ್‌ಎಂ ನಡೆಸ್ತಿದ್ದ. ಸುತ್ತಲ ಹಳ್ಳಿಗಳವರು ಪ್ರೀತಿಯಿಂದ ಕೇಳ್ತಿದ್ರು. 2006ರಲ್ಲಿ ಲೈಸೆನ್ಸ್ ಇಲ್ಲ ಅಂತ ಅದನ್ನ ಮುಚ್ಚಿಸಿದ್ರು.

ನಮ್ಮ ಕರ್ನಾಟಕದವರು ಇದೇ ಕಷ್ಟವನ್ನ ಬೇರೆ ಥರ ದಾಟಿದ್ರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಶುರುವಿನಲ್ಲಿ 'ನಮ್ಮ ಧ್ವನಿ' ಅಂತ ಹಳ್ಳಿಯವರದ್ದೇ ರೇಡಿಯೋ ಇತ್ತು. ಆಗ ಹಳ್ಳಿ ಸಂಘಗಳಿಗೆ ಲೈಸೆನ್ಸ್ ಸಿಗ್ತಿರಲಿಲ್ಲ. ಗಾಳಿಯಲ್ಲಿ ಬಿಡೋಕೆ ಆಗಲ್ವಾ, ಸರಿ, ಕೇಬಲ್‌ನಲ್ಲಿ ಬಿಡೋಣ ಅಂದ್ರು. ಮನೆ ಮನೆಗೆ ಕೇಬಲ್ ಮೂಲಕ ಕಾರ್ಯಕ್ರಮ ಹೋಯ್ತು. ಆಮೇಲೆ 2006ರ ಕೊನೆಯಲ್ಲಿ ಸಮುದಾಯ ಬಾನುಲಿ ನೀತಿ ಬಂದು, ಸಂಘ ಸಂಸ್ಥೆಗಳೂ ಸ್ಟೇಷನ್ ಕೇಳಬಹುದು ಅಂತಾಯ್ತು.

'ಆಕಾಶವಾಣಿ' ಹೆಸರು ಹುಟ್ಟಿದ್ದೂ ಒಬ್ಬ ಹವ್ಯಾಸಿಯ ಮನೆಯಲ್ಲೇ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ರು. ಆ ನಿಲಯದ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯ್ತು. ಹಾಗಾಗಿ ಮನೆಯಲ್ಲಿ ಕೂತು ಅಲೆ ಬಿಡೋ ಆಸೆ ತಪ್ಪು ಅಂತ ನಾನು ಯಾರಿಗೂ ಹೇಳಲ್ಲ. ಕನ್ನಡದ ರೇಡಿಯೋ ಹುಟ್ಟಿದ್ದೇ ಆ ಆಸೆಯಿಂದ.

ಹಾಗಾದ್ರೆ ಮಾಡೋದು ಹೇಗೆ

ನನ್ನ ಮಾಳಿಗೆಯ ಪ್ರಯೋಗವನ್ನ ಮಾಡಬೇಡಿ. ಮೂರು ಬೇರೆ ದಾರಿ ಹೇಳ್ತೀನಿ.

ಮೊದಲನೇದು, ಬಿಡೋಕೆ ಮುಂಚೆ ಕೇಳೋದು. ಇದಕ್ಕೆ ಯಾವ ಲೈಸೆನ್ಸೂ ಬೇಡ. ಒಂದು ಮೀಡಿಯಂ ವೇವ್ ರೇಡಿಯೋ ತಗೊಳ್ಳಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳಿಡಿ. ಫೋನ್ ಚಾರ್ಜರ್ ಹತ್ರ ಹಿಡೀರಿ. ಎಲ್‌ಇಡಿ ಬಲ್ಬ್ ಹತ್ರ, ಆರ್ಡುಯಿನೋ ಹತ್ರ ಹಿಡೀರಿ. ಬೇರೆ ಬೇರೆ ಗುಂಯ್‌ಗುಟ್ಟುವಿಕೆ ಬರುತ್ತೆ. ತಂತಿ ಹಚ್ಚದೇ ಇದ್ರೂ ಪ್ರತಿ ಚಿಪ್ಪೂ ಒಂದು ಪುಟ್ಟ ಟ್ರಾನ್ಸ್‌ಮಿಟರ್. 1975ರಲ್ಲಿ ಕ್ಯಾಲಿಫೋರ್ನಿಯಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿ ಸ್ಟೀವ್ ಡೊಂಪಿಯರ್ ಅನ್ನೋರು ಆಲ್ಟೇರ್ 8800 ಕಂಪ್ಯೂಟರಿನ ಹತ್ರ ಒಂದು ರೇಡಿಯೋ ಇಟ್ಟು, ಆ ಸೋರಿಕೆಯಿಂದಲೇ ಬೀಟಲ್ಸ್ ಹಾಡಿನ ರಾಗ ನುಡಿಸಿದ್ರು. ಕಂಪ್ಯೂಟರಿಗೂ ರೇಡಿಯೋಗೂ ಒಂದೇ ಒಂದು ತಂತಿ ಇರಲಿಲ್ಲ.

ಎಫ್‌ಎಂ ಇರೋ ಹೆಚ್ಚಿನ ಫೋನ್‌ಗಳಲ್ಲಿ ಇಯರ್‌ಫೋನ್ ಹಾಕದೆ ಅದು ನಡೆಯಲ್ಲ ಅಲ್ವಾ? ಆ ವೈರೇ ಆಂಟೆನಾ. 100 ಮೆಗಾಹರ್ಟ್ಸ್‌ನ ಅಲೆ 3 ಮೀಟರ್ ಉದ್ದ, ಅದರ ಕಾಲು ಭಾಗ 75 ಸೆಂಟಿಮೀಟರ್. ಇಯರ್‌ಫೋನ್ ವೈರು ಸಾಮಾನ್ಯವಾಗಿ ಅದಕ್ಕಿಂತ ಉದ್ದವೇ ಇರುತ್ತೆ. ಇಂಥ ಲೆಕ್ಕ ಕೈಗೆ ಹತ್ತೋದು ಕೇಳೋದರಿಂದಲೇ.

ಎರಡನೇದು, ಕೆಲಸಕ್ಕೆ ರೇಡಿಯೋ ಬೇಕಿದ್ದವರಿಗೆ. ಹೊಲದ ಬಾವಿಯಲ್ಲಿ ನೀರು ಎಷ್ಟಿದೆ, ಹಳ್ಳದಲ್ಲಿ ನೀರು ಏರ್ತಿದೆಯಾ ಅಂತ ಮನೆಗೆ ತಿಳಿಸೋ ಸಾಧನ ಮಾಡಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ಚಿಪ್ಪಿನ ಕಾಲಿಂದ ಅಲೆ ಬಿಡೋ ಕಷ್ಟ ಬೇಡ. ಭಾರತದಲ್ಲಿ 2005ರಿಂದ 865ರಿಂದ 867 ಮೆಗಾಹರ್ಟ್ಸ್ ಜಾಗವನ್ನ ಕಡಿಮೆ ಪವರಿನ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿದ್ದಾರೆ. ಅಲ್ಲಿ ನಡೆಯೋ ಲೋರಾ ಮಾಡ್ಯೂಲ್‌ಗಳು ಸಿಗ್ತವೆ, ಬಯಲಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗ್ತವೆ. ಆನ್‌ಲೈನ್‌ನಲ್ಲಿ ತಗೊಳ್ಳುವಾಗ ಮಾತ್ರ ನಂಬರ್ ನೋಡಿ. 915 ಅಂತ ಬರೆದಿದ್ರೆ ಅದು ಅಮೆರಿಕದ ಲೆಕ್ಕದ್ದು. ಇಲ್ಲಿ ಆ ಜಾಗ ಬೇರೆಯವರ ಟೆಂಟು.

ಮೂರನೇದು, ನಿಜವಾಗಿ ರೇಡಿಯೋ ಹುಚ್ಚು ಇರೋರಿಗೆ. ಹ್ಯಾಂ ಲೈಸೆನ್ಸ್. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತೆ. 12 ವರ್ಷ ತುಂಬಿದ್ರೆ ಸಾಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಕೂಡ ಬೇಡ. ಸರ್ಕ್ಯೂಟ್ ಬಗ್ಗೆ ಒಂದಿಷ್ಟು, ನಿಯಮದ ಬಗ್ಗೆ ಒಂದಿಷ್ಟು ಪ್ರಶ್ನೆ. ಬೆಂಗಳೂರಿನಲ್ಲಿ ಹಳೇ ಹ್ಯಾಂ ಸಂಘಗಳಿವೆ, ಹೊಸಬರಿಗೆ ಕಲಿಸ್ತಾರೆ. ನೆರೆ, ಭೂಕಂಪದಂಥ ಹೊತ್ತಲ್ಲಿ ಟವರ್ ಬಿದ್ದಾಗ ಸುದ್ದಿ ಮುಟ್ಟಿಸೋರಲ್ಲಿ ಹ್ಯಾಂಗಳೂ ಇರ್ತಾರೆ. ಆಗಸ್ಟ್ 2019 ನೋಡಿದ ಮೇಲೆ ನಾನು ಪರೀಕ್ಷೆ ಕಟ್ಟಿದ್ದು ಅದಕ್ಕೇ.

ಪಾಸಾಗಿ ಕಾಲ್‌ಸೈನ್ ಬಂದ ಮೇಲೆ ಅದೇ ಆರ್ಡುಯಿನೋ ಮತ್ತೆ ತೆಗೆದೆ. ಈ ಸಲ ಅದರ ಕಾಲಿಗೆ ನೇರ ತಂತಿ ಹಚ್ಚಲಿಲ್ಲ. ಆರ್ಡುಯಿನೋ ಬರೀ ಮೇಸ್ತ್ರಿ. ಅದು ಹೇಳಿದಂಗೆ ನಿಖರವಾದ ಅಲೆ ಕೊಡೋಕೆ ಎಸ್‌ಐ5351 ಅನ್ನೋ ಕ್ಲಾಕ್ ಚಿಪ್, ಒಂದು ಟ್ರಾನ್ಸಿಸ್ಟರ್, ಆಮೇಲೆ ಫಿಲ್ಟರ್, ಆಮೇಲೆ ಎರಡೂ ಕಡೆ ಐದೈದು ಮೀಟರ್‌ನ ತಂತಿ. ಒಟ್ಟು ಪವರ್ ವ್ಯಾಟಿನ ಐದನೇ ಒಂದು ಭಾಗ, 200 ಮಿಲಿವ್ಯಾಟ್. 14 ಮೆಗಾಹರ್ಟ್ಸ್‌ನ ಹ್ಯಾಂ ಜಾಗ.

ಬಿಟ್ಟಿದ್ದು ವಿಸ್ಪರ್ ಅನ್ನೋ ಸಂದೇಶ. ಭೌತಶಾಸ್ತ್ರಕ್ಕೆ 1993ರ ನೊಬೆಲ್ ಪಡೆದ ಜೋ ಟೇಲರ್ 2008ರಲ್ಲಿ ಇದನ್ನ ಹೊರತಂದ್ರು. ಅವರೂ ಹ್ಯಾಂ. ಕಾಲ್‌ಸೈನ್, ಜಾಗ, ಪವರ್, ಇಷ್ಟನ್ನ ಬರೀ 50 ಬಿಟ್ ಮಾಡಿ, ಹೆಚ್ಚು ಕಡಿಮೆ 111 ಸೆಕೆಂಡ್ ತಗೊಂಡು ಮೆಲ್ಲಗೆ ಕಳಿಸುತ್ತೆ. ಅಷ್ಟು ನಿಧಾನ ಇರೋದ್ರಿಂದಲೇ ಗದ್ದಲದ ನಡುವೆ ಪಿಸುಮಾತನ್ನೂ ಹಿಡೀಬಹುದು. ಜಾಗಕ್ಕೆ ಒಂದು ಕೋಡ್ ಇದೆ, ಕುಳಗೇರಿ ಕ್ರಾಸ್, ಬಾದಾಮಿ ಎಲ್ಲ ಸೇರಿ 'ಎಂಕೆ75'.

ಆದ್ರೆ ಹಚ್ಚೋ ಮುಂಚೆ ಪಕ್ಕದ ಮನೆಗೆ ಹೋದೆ. "ಅಜ್ಜಾ, ಧಾರವಾಡ ಹಚ್ಕೊಂಡು ಕುಂದರ್ರಿ. ಸೀಟಿ ಬಂದ್ರ ಒದರ್ರಿ" ಅಂದೆ. ಅಜ್ಜ ಕಟ್ಟೆ ಮೇಲೆ ರೇಡಿಯೋ ಇಟ್ಕೊಂಡು ಕೂತ್ರು. ನಾನು ಮಾಳಿಗೆ ಮೇಲೆ ಸ್ವಿಚ್ ಒತ್ತಿದೆ. ಎರಡು ನಿಮಿಷ ಕಳೀತು. ಕೆಳಗಿಂದ ಏನೂ ಸದ್ದಿಲ್ಲ. ಇಣುಕಿ ನೋಡಿದೆ.

"ಏನೂ ಇಲ್ಲೋ ತಮ್ಮಾ, ಹಾಡು ಚೊಲೋ ಬರಾಕತ್ತೈತಿ. ನೀ ಹಚ್ಚೀ ಇಲ್ಲೋ?"

"ಹಚ್ಚೇನ್ರಿ ಅಜ್ಜಾ."

ಆ ರಾತ್ರಿ ಫೋನಲ್ಲಿ ವಿಸ್ಪರ್ ನಕ್ಷೆ ತೆರೆದು ನೋಡಿದೆ. ನನ್ನ 200 ಮಿಲಿವ್ಯಾಟ್ ಪಿಸುಮಾತನ್ನ ಸಮುದ್ರದಾಚೆ, ಆಸ್ಟ್ರೇಲಿಯಾದ ಯಾರದ್ದೋ ರೇಡಿಯೋ ಹಿಡಿದು ದಾಖಲು ಮಾಡಿತ್ತು. ಖುಷಿ ಆಯ್ತು. ಆದ್ರೆ ನಿಜ ಹೇಳ್ತೀನಿ, ಅದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿದ್ದು ನಾಲ್ಕು ಹೆಜ್ಜೆ ಆಚೆಯ ಆ ಕಟ್ಟೆ ಮೇಲೆ ಅದು ಕೇಳಿಸದೇ ಇದ್ದದ್ದು.

ಇವತ್ತಿಗೆ ಇಷ್ಟು. ಮನೆಯಲ್ಲಿ ಹಳೇ ರೇಡಿಯೋ ಇದ್ರೆ ಧೂಳು ಒರೆಸಿ, ಎರಡು ಸೆಲ್ ಹಾಕಿ, ಮೀಡಿಯಂ ವೇವ್‌ನಲ್ಲಿ ಒಂದು ಸುತ್ತು ಮುಳ್ಳು ತಿರುಗಿಸಿ. ಏನು ಕೇಳಿಸ್ತು, ಎಲ್ಲಿ ಗುಂಯ್ ಅಂತು, ಯಾವುದನ್ನ ಆಫ್ ಮಾಡಿದಾಗ ನಿಂತಿತು, ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.